ಲಾಭ, ಎರಡು, ಮೂರು

12 ಜೂನ್ 1997, ಗುರುವಾರ

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಕೂತರೆ ಪಾಪು ಪೆನ್ನು ಕಿತ್ತುಕೊಳ್ಳುತ್ತಾಳೆ. ಅವಳು ಮಲಗಿದರೆ ನಾನು ಕಣ್ಣು ಬಿಟ್ಟುಕೊಂಡು ಅವಳ ಉಸಿರು ನೋಡುತ್ತಾ ಕೂರುತ್ತೇನೆ. ಸುಜಾತ ಹುಟ್ಟಿ ಏಳು ತಿಂಗಳು. ಈ ಏಳು ತಿಂಗಳಲ್ಲಿ ಒಟ್ಟಿಗೆ ಎರಡು ಗಂಟೆ ಮಲಗಿದ ದಿನ ನೆನಪಿಲ್ಲ. ಇವರು ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಪಾಠ ಮಾಡಿಕೊಂಡು ಶನಿವಾರ ಬರುತ್ತಾರೆ, "ನೀನು ಸ್ವಲ್ಪ ರೆಸ್ಟ್ ತಗೋಬೇಕು ಕಣೇ" ಅನ್ನುತ್ತಾರೆ, ಸೋಮವಾರ ಬೆಳಗಿನ ಬಸ್ಸು ಹತ್ತುತ್ತಾರೆ. ರೆಸ್ಟು ಶಿಡ್ಲಘಟ್ಟದ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಮಾತ್ರ ಹೇಳುವುದಿಲ್ಲ.

ಇವತ್ತಿನ ಸಿಟ್ಟು ನಮ್ಮ ಆಫೀಸಿನ ಅಟೆಂಡರ್ ಆವುಲಪ್ಪನ ಮೇಲೆ.

ನಮ್ಮ ರೇಷ್ಮೆ ತಳಿ ಕೇಂದ್ರಕ್ಕೆ ಹೋದ ತಿಂಗಳು ಡಿಸ್ಕುಗಳ ಪೆಟ್ಟಿಗೆ ಬಂತು. ಹೊಲಿಗೆ ಮಿಷನ್ನಿನಷ್ಟು ಎತ್ತರ, ಎದುರಿಗೆ ಸಾಲಾಗಿ ಐದು ಖಾನೆ, ಒಂದೊಂದು ಖಾನೆಯಲ್ಲಿ ಇಟ್ಟಿಗೆಯಂಥ ಒಂದೊಂದು ಡಿಸ್ಕು. ಕಂಪನಿಗೆ ವಾಪಸು ಹೋದ ಹಳೆಯ ಕಂಪ್ಯೂಟರಿನಲ್ಲಿದ್ದ ಹನ್ನೊಂದು ವರ್ಷದ ಚಿಟ್ಟೆ ದಾಖಲೆ ಈಗ ಐದಕ್ಕೂ ಹಂಚಿಕೊಂಡು ಕೂತಿದೆ. ಒಂದು ಡಿಸ್ಕು ಸತ್ತರೆ ಉಳಿದ ನಾಲ್ಕು ಸೇರಿ ಅದರ ಪಾಲನ್ನೂ ಹೇಳಬಲ್ಲವು. ಎರಡು ಹೋದರೆ ಒಂದೂ ಬಾಯಿ ಬಿಡುವುದಿಲ್ಲ. ಇದನ್ನು ನಡೆಸಲು ಗುಂಡಿಯಿಲ್ಲ, ಚಿತ್ರವಿಲ್ಲ. ಕಪ್ಪು ತೆರೆ, ಅದರಲ್ಲಿ ಮಿಟುಕುವ ಒಂದು ಗೆರೆ. ನಾನು ಆಜ್ಞೆ ಟೈಪು ಮಾಡಬೇಕು, ಅದು ಕೇಳಬೇಕು. ನನ್ನ ಮಾತು ಕೇಳುವ ಜಾಗ ಈ ಲೋಕದಲ್ಲಿ ಇದೊಂದೇ.

ಮಿಷನ್ನು ಖಾನೆಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಸೊನ್ನೆ, ಒಂದು, ಎರಡು, ಮೂರು, ನಾಲ್ಕು. ಆವುಲಪ್ಪನ ಅಕ್ಷರ ದುಂಡಗಿದೆ ಎಂದು, ಚೀಟಿ ಬರೆದು ಡಿಸ್ಕುಗಳ ಮುಖಕ್ಕೆ ಅಂಟಿಸಲು ಅವನಿಗೆ ಹೇಳಿ, ಪಾಪುವಿಗೆ ಹಾಲು ಕೊಡಲು ಮನೆಗೆ ಓಡಿದೆ. ಬಂದು ನೋಡಿದರೆ ಅಂಟಿಸಿರುವುದು: ಲಾಭ, ೨, ೩, ೪, ೫.

"ಆವುಲಪ್ಪ, ಸೊನ್ನೆ ಎಲ್ಲಿ?"

"ಹೊಸ ಸಾಮಾನಿಗೆ ಯಾರಾದ್ರೂ ಮೊದಲ್ನೇದೇ ಸೊನ್ನೆ ಹಾಕ್ತಾರಾ ಮೇಡಮ್ಮ? ಮೊದಲ್ನೇದು ಲಾಭ."

"ಸರಿ, ಲಾಭ ಆದ್ಮೇಲೆ ಒಂದು ಬರ್ಬೇಕಲ್ಲ?"

"ಲಾಭ ಆದ್ಮೇಲೆ ಎಲ್ಲಾದ್ರೂ ಒಂದು ಬರ್ತದಾ? ಎರಡು. ಲಾಭಮು, ರೆಂಡು, ಮೂಡು. ಮೂವತ್ತು ವರ್ಷ ಗೂಡಿನ ಮಾರ್ಕೆಟ್‌ನಾಗೆ ತಕ್ಕಡಿ ಪಕ್ಕ ನಿಂತು ಕೂಗಿದೀನಿ, ಒಂದು ಅಂದಿದ್ರೆ ಗಿರಾಕಿ ಎದ್ದು ಹೋಗ್ತಿದ್ದ."

ರಾಗಿ ಅಳೆಯುವವರು, ಗೂಡು ತೂಗುವವರು ಮೊದಲನೆಯದನ್ನು ಒಂದು ಎನ್ನದೆ ಲಾಭ ಅನ್ನುವುದು ನನಗೇನು ಹೊಸದಲ್ಲ. ಆದರೆ ಇದು ರಾಗಿಯಲ್ಲ. ಚೀಟಿ ಕಾಗದ ಮುಗಿದಿತ್ತು, ಗಂಟೆ ಐದಾಗಿತ್ತು, ಎದೆ ಮತ್ತೆ ಹಾಲು ತುಂಬಿ ಕಲ್ಲಾಗಿತ್ತು. ಇರಲಿ, ನನಗೆ ಗೊತ್ತಿದ್ದರೆ ಸಾಕು. ಅವನು ಬರೆದ ಎರಡು ಮಿಷನ್ನಿನ ಒಂದು, ಅವನ ಮೂರು ಮಿಷನ್ನಿನ ಎರಡು. ತಲೆಯಲ್ಲೇ ಒಂದು ಕಳೆದರಾಯಿತು. ದಡ್ಡ ಮುದುಕ.

15 ಜೂನ್, ಭಾನುವಾರ

ಡಾಕ್ಟರು ಪಾಪುವಿಗೆ ಟಾನಿಕ್ಕು ಕೊಟ್ಟಿದ್ದಾರೆ, ದಿನಕ್ಕೆ ಐದು ಹನಿ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಚಮಚೆಗೆ ಹನಿ ಬಿಡುತ್ತಿದ್ದಾರೆ: "ಲಾಭ, ಎರಡು, ಮೂರು..."

ಚಮಚೆ ಕಿತ್ತುಕೊಂಡೆ. "ಔಷಧಿಗೆ ಲಾಭ ಗೀಭ ಬೇಡ ಅತ್ತೆ. ಒಂದು ಅನ್ನಿ. ನೀವು ಹಾಗೆ ಶುರು ಮಾಡಿ ನಾಳೆ ಆರು ಹನಿ ಬಿಟ್ಟರೆ?"

"ನಿನ್ ಗಂಡನ್ನೂ ಲಾಭ ಅಂತಾನೇ ಹನಿ ಬಿಟ್ಟು ಸಾಕಿದ್ದು ಕಣಮ್ಮ," ಎಂದರು. "ಮೇಷ್ಟ್ರಾಗಿದಾನೆ. ಸತ್ತೇನೂ ಹೋಗಿಲ್ಲ."

ಇವರು ಪೇಪರ್ ಓದುತ್ತಾ ನಕ್ಕರು. ನಗುವುದಕ್ಕೆ ಶನಿವಾರ ಭಾನುವಾರ ಸಾಕಾಗುತ್ತದೆ ಇವರಿಗೆ.

24 ಜೂನ್, ಮಂಗಳವಾರ

ಚಿಕ್ಕಬಳ್ಳಾಪುರ. ಮಕ್ಕಳ ಡಾಕ್ಟರ ಹೊರಗಿನ ಬೆಂಚು. ಅತ್ತೆ ಪಾಪುವನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಿದ್ದಾರೆ. ನಿನ್ನೆ ಸಂಜೆಯಿಂದ ಮೈ ಕೆಂಡ. ನೂರಾಮೂರು. ಅವಳ ಕಣ್ಣು ಮೇಲೆ ಹೋದಾಗಲೆಲ್ಲ ನನ್ನ ಪ್ರಾಣವೂ ಮೇಲೆ ಹೋಗುತ್ತಿದೆ.

ರಜೆ ಹೇಳಲು ಎಸ್‌ಟಿಡಿ ಬೂತಿನಿಂದ ಆಫೀಸಿಗೆ ಫೋನು ಮಾಡಿದರೆ ಸಹಾಯಕ ನಿರ್ದೇಶಕರು, ವೆಂಕಟರವಣಪ್ಪನವರು, ಮಗು ಹೇಗಿದೆ ಎಂದು ಕೇಳಲಿಲ್ಲ. "ನಿಮ್ ಪೆಟ್ಟಿಗೆ ಬೆಳಿಗ್ಗೆಯಿಂದ ಕುಂಯ್ ಅಂತಿದೆ ಕಣ್ರೀ. ಕೆಂಪು ದೀಪ ಬೇರೆ ಉರೀತಿದೆ." ಅದು ಪೆಟ್ಟಿಗೆಗೆಲ್ಲ ಒಂದೇ ದೀಪ, ಯಾವ ಡಿಸ್ಕು ಎಂದು ಹೇಳುವುದಿಲ್ಲ. ಸ್ಟೇಟಸ್ ಕೇಳುವ ಆಜ್ಞೆಯನ್ನು ಒಂದೊಂದೇ ಅಕ್ಷರ ಹೇಳಿ ಅವರಿಂದ ಟೈಪು ಮಾಡಿಸಿದೆ. ಪಾಪು ನನ್ನ ಹೆಗಲ ಮೇಲೆ ಕಿರುಚುತ್ತಿದ್ದಳು. "ಡಿಸ್ಕ್ ಎರಡು, ಡೆಡ್ ಅಂತ ಬಂದಿದೆ," ಎಂದರು. ಹಾಗಾದರೆ ಎರಡನ್ನು ತೆಗೆದು ಬೀರುವಿನಲ್ಲಿರುವ ಹೊಸದನ್ನು ಅದೇ ಖಾನೆಗೆ ತಳ್ಳಿ, ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ, ಎಂದು ಹೇಳಿ ಫೋನು ಇಟ್ಟೆ. ನಾನಿಲ್ಲದೆ ಒಂದು ದಿನ ನಡೆಯುವುದಿಲ್ಲ ಇವರಿಗೆ. ನಾನಿದ್ದಾಗ ಮಾತ್ರ ನಾನು ಯಾರೆಂದು ಗೊತ್ತಿರುವುದಿಲ್ಲ.

ನಮ್ಮ ಸರದಿ ಬಂತು.

27 ಜೂನ್, ಶುಕ್ರವಾರ

ಜ್ವರ ಬಿಟ್ಟಿದೆ. ಆಫೀಸಿಗೆ ಬಂದೆ. ಬರಬಾರದಿತ್ತು.

ದಾಖಲೆ ಇಲ್ಲ. ಒಂದು ಸಾಲೂ ಇಲ್ಲ. ಮಂಗಳವಾರ ಹೊಸ ಡಿಸ್ಕು ಹಾಕಲು ಹಳೆಯದನ್ನು ಕಿತ್ತ ಕೂಡಲೇ ಪೆಟ್ಟಿಗೆ ಪೂರ್ತಿ ನಿಂತುಹೋಯಿತಂತೆ. "ನೀವು ಹೇಳಿದ ಹಾಗೇ ಮಾಡಿದೀನಿ," ಎಂದು ಮೂರು ಸಲ ಹೇಳಿದರು ಸಾಹೇಬರು.

ಹನ್ನೊಂದು ವರ್ಷ. ಮೊಟ್ಟೆಯಿಟ್ಟ ಪ್ರತಿಯೊಂದು ತಾಯಿ ಚಿಟ್ಟೆಯನ್ನೂ ಅರೆದು, ಸೂಕ್ಷ್ಮದರ್ಶಕದಡಿ ನೋಡಿ, ರೋಗ ಇದೆಯೋ ಇಲ್ಲವೋ, ಯಾವ ತಳಿ, ಯಾರ ಮಗಳು, ಎಂದು ಬರೆದಿಟ್ಟ ದಾಖಲೆ. ಅರವತ್ನಾಲ್ಕು ರಿಜಿಸ್ಟರು. ಅಷ್ಟನ್ನೂ ಟೈಪು ಮಾಡಿದವಳು ನಾನು, ಬಸುರಿಯಾಗಿದ್ದಾಗ, ಕಾಲು ಊದಿ ಸ್ಟೂಲಿನ ಮೇಲಿಟ್ಟುಕೊಂಡು. ಒಂಬತ್ತು ತುಂಬುವ ವಾರ ಕೊನೆಯ ಪುಟ ಮುಗಿಸಿದೆ. ರಿಜಿಸ್ಟರುಗಳನ್ನು ಶೆಡ್ಡಿಗೆ ಹಾಕಿಸಿದವರು ಸಾಹೇಬರು. ಗೆದ್ದಲು ಹಿಡಿಯಿತು. ನಕಲು ಇಡುವ ಟೇಪು ಫೆಬ್ರುವರಿಯಲ್ಲೇ ಕೆಟ್ಟಿತು, ಹೊಸದಕ್ಕೆ ನಾಲ್ಕು ಸಲ ಬರೆದುಕೊಟ್ಟೆ. ನಾಲ್ಕು ಕಾಗದವೂ ಅವರ ಟ್ರೇಯಲ್ಲಿ, ಗಾಜಿನ ಗುಂಡಿನ ಕೆಳಗೆ, ಬೆಚ್ಚಗೆ ಮಲಗಿವೆ.

"ಸೋಮವಾರ ಕಂಪನಿ ಇಂಜಿನಿಯರ್ ಬರ್ತಾನೆ. ಎಲ್ಲ ಹೊಸದಾಗಿ ಕಟ್ಟಿ ಕೊಡ್ತಾನೆ. ಅಲ್ಲೀವರ್ಗೂ ನೀವು ಕೀಬೋರ್ಡ್ ಮುಟ್ಟಬೇಡಿ," ಎಂದರು. ಮತ್ತೆ, ಪೆನ್ನಿನ ಮುಚ್ಚಳ ತಿರುವುತ್ತಾ, "ನಿಮ್ ಪರ್ಮನೆಂಟ್ ಆರ್ಡರು ಟೈಪಾಗಿ ಬಂದಿದೆ. ಸೈನ್ ಮಾಡೋದೊಂದೇ ಬಾಕಿ. ಆದ್ರೆ ದಾಖಲೇನೇ ಇಲ್ಲ ಅಂದ್ಮೇಲೆ ಆಪರೇಟರ್ ಯಾಕೆ ಅಂತ ಮೇಲಿನೋರು ಕೇಳಲ್ವಾ?"

ಕೇಳಲಿ. ಕೇಳಿದರೆ ಟ್ರೇ ತೋರಿಸುತ್ತೇನೆ ಎಂದು ಹೇಳಬೇಕಿತ್ತು. ಹೇಳಿದ್ದು, "ಆಯ್ತು ಸಾರ್."

28 ಜೂನ್, ಶನಿವಾರ

ಸಿಕ್ಕಿತು. ಕಾರಣ ಸಿಕ್ಕಿತು.

ಕೀಬೋರ್ಡು ಮುಟ್ಟಬೇಡ ಅಂದರು, ನೋಡಬೇಡ ಅನ್ನಲಿಲ್ಲ. ತೆರೆಯ ಮೇಲೆ ಮಂಗಳವಾರದ ಕೊನೆಯ ಸಾಲುಗಳು ಹಾಗೇ ನಿಂತಿವೆ. ಡಿಸ್ಕ್ ಒಂದು, ಹೊಸದು. ಡಿಸ್ಕ್ ಎರಡು, ಸತ್ತಿದೆ. ಎರಡನ್ನು ಬದಲಾಯಿಸಿದ ಮೇಲೂ ಎರಡು ಯಾಕೆ ಸತ್ತಿದೆ? ಒಂದು ಯಾಕೆ ಹೊಸದು? ಓಡಿ ಹೋಗಿ, ಬೀಗ ಹಾಕದೆ ಬಿಟ್ಟಿದ್ದ ಬೀರು ತೆಗೆದೆ. ಕಿತ್ತು ಇಟ್ಟ ಡಿಸ್ಕು ಅಲ್ಲಿತ್ತು. ಅದರ ಹಣೆಯ ಮೇಲೆ ದುಂಡಗಿನ ಅಕ್ಷರ: ೨.

ಆವುಲಪ್ಪನ ಎರಡು. ಮಿಷನ್ನಿನ ಒಂದು. ಚೆನ್ನಾಗಿದ್ದ ಡಿಸ್ಕನ್ನು ಕಿತ್ತಿದ್ದಾರೆ, ಸತ್ತದ್ದನ್ನು ಒಳಗೇ ಬಿಟ್ಟಿದ್ದಾರೆ. ಐದರಲ್ಲಿ ಎರಡು ಹೋದ ಮೇಲೆ ಇನ್ನೆಲ್ಲಿ ಮಾತು.

ಅವನು ಹೊರಗೆ ಚಿಟ್ಟೆಗಳು ಮೊಟ್ಟೆಯಿಟ್ಟ ಹಾಳೆಗಳನ್ನು ಒಣಗಲು ಹರಡುತ್ತಿದ್ದ. ಕೆಲಸದವರೆಲ್ಲ ಇದ್ದರು. ಡಿಸ್ಕು ಅವನ ಮುಖಕ್ಕೆ ಹಿಡಿದೆ. "ಇದೇನೋ ಇದು? ಸೊನ್ನೆಯಿಂದ ಬರಿ ಅಂದ್ರೆ ಲಾಭ ಬರ್ದಿದೀಯ. ನಿನ್ನ ಲಾಭದಿಂದ ಹನ್ನೊಂದು ವರ್ಷ ಹೋಯ್ತು. ನನ್ನ ಕೆಲ್ಸ ಹೋಯ್ತು. ಓದು ಬರಹ ಬಂದು ಏನ್ ಬಂತು ನಿಂಗೆ?"

ಅವನು ಹಾಳೆ ಕೆಳಗಿಟ್ಟು ಎದ್ದು ನಿಂತ. ಡಿಸ್ಕನ್ನೂ ನನ್ನನ್ನೂ ನೋಡಿದ. "ನಾನ್ ಬರ್ದಿದ್ದೇ ಮೇಡಮ್ಮ," ಎಂದ. ಅಷ್ಟೇ. ವಾದ ಮಾಡಿದ್ದರೆ ಇನ್ನೂ ನಾಲ್ಕು ಬೈದು ಎದೆ ಹಗುರ ಮಾಡಿಕೊಳ್ಳುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ.

ಸಾಹೇಬರಿಗೆ ಖುಷಿಯಾಯಿತು. ಕಾಫಿ ತರಿಸಿದರು. "ಹಂಗೆ ಹೇಳಿ ಮತ್ತೆ. ಅಟೆಂಡರ್ ನೆಗ್ಲಿಜೆನ್ಸು. ನಾನೇ ಡ್ರಾಫ್ಟ್ ಮಾಡಿಸ್ತೀನಿ, ನೀವು ಸೈನ್ ಹಾಕಿ. ದಿನಗೂಲಿಯೋನು, ಕಳಿಸೋದು ಕಷ್ಟ ಇಲ್ಲ." ಖಂಡಿತ ಹಾಕುತ್ತೇನೆ ಸಾರ್ ಎಂದೆ. ಹಾಕುತ್ತೇನೆ.

29 ಜೂನ್, ಭಾನುವಾರ

ಇವರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ನೀನು ಫೋನಲ್ಲಿ ಏನಂತ ಹೇಳ್ದೆ?" ಎಂದರು.

"ಏನಂತ ಅಂದ್ರೆ? ಎರಡನ್ನ ತೆಗೀರಿ ಅಂದೆ. ಸರಿಯಾಗೇ ಹೇಳ್ದೆ."

"ಹ್ಞಾಂ," ಎಂದರು. ಆ ಹ್ಞಾಂ ಕೇಳಿ ಮೈಯೆಲ್ಲ ಉರಿಯಿತು. ಪರೀಕ್ಷೆ ಪೇಪರು ತಿದ್ದುವ ಹ್ಞಾಂ. ಮೂರು ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಕೂತವಳು ನಾನು, ಹ್ಞಾಂ ಅನ್ನುವವರು ಇವರು.

ಮಿಷನ್ನಿನ ದಪ್ಪ ಪುಸ್ತಕ ಮನೆಗೆ ತಂದಿದ್ದೆ. ಪಾಪುವನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಾ ಓದಿದೆ. ನೂರಾ ನಲವತ್ತಮೂರನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇದೆ. ಚೆನ್ನಾಗಿರುವ ಡಿಸ್ಕನ್ನು ತಪ್ಪಿ ಕಿತ್ತಿದ್ದರೆ, ಆಮೇಲೆ ಏನನ್ನೂ ಬರೆದಿಲ್ಲದಿದ್ದರೆ, ಅದನ್ನು ಅದೇ ಖಾನೆಗೆ ಹಿಂತಿರುಗಿಸಿ, ಬಲವಂತವಾಗಿ ಎಬ್ಬಿಸುವ ಒಂದು ಆಜ್ಞೆ ಇದೆ. ಡಿಸ್ಕು ಕಿತ್ತ ಕ್ಷಣವೇ ಪೆಟ್ಟಿಗೆ ನಿಂತಿತು. ಏನು ಬರೆದೀತು? ಬೀರುವಿನಲ್ಲಿರುವ ಆ ಡಿಸ್ಕಿನಲ್ಲಿ ಎಲ್ಲವೂ ಇದೆ. ನಾಳೆ ಆ ಇಂಜಿನಿಯರು ಹೊಸದಾಗಿ ಕಟ್ಟಿದರೆ ಮಾತ್ರ ಇರುವುದಿಲ್ಲ. ಹೊಸದಾಗಿ ಕಟ್ಟುವುದೆಂದರೆ ಸ್ಲೇಟು ಒರೆಸುವುದು.

30 ಜೂನ್, ಸೋಮವಾರ

ಇವತ್ತಿನದನ್ನೆಲ್ಲ ಬರೆದಿಡಬೇಕು.

ಇಂಜಿನಿಯರು ಹನ್ನೊಂದಕ್ಕೆ ಬಂದ. ನನಗಿಂತ ಚಿಕ್ಕವನು. ಬ್ಯಾಗು ಕೆಳಗಿಡುವ ಮೊದಲೇ ಮೂರು ಗಂಟೆಯ ಚಿಂತಾಮಣಿ ಬಸ್ಸಿನ ವಿಚಾರ ಕೇಳಿದ.

"ಐದೂ ಡಿಸ್ಕ್ ಸೇರಿಸಿ ಹೊಸ ಅರೇ ಕ್ರಿಯೇಟ್ ಮಾಡ್ತೀನಿ ಮೇಡಂ, ಇನಿಷಿಯಲೈಸ್ ಮಾಡ್ತೀನಿ. ಸ್ಟ್ಯಾಂಡರ್ಡ್ ಪ್ರೊಸೀಜರ್."

"ಅದನ್ನ ಮಾಡಿದ್ರೆ ಒಳಗಿರೋದೆಲ್ಲ ಅಳಿಸಿ ಹೋಗುತ್ತೆ."

"ಡೇಟಾ ಆಗ್ಲೇ ಹೋಗಿದೆಯಲ್ಲ ಮೇಡಂ."

"ಹೋಗಿಲ್ಲ. ಬೀರುವಿನಲ್ಲಿದೆ." ಪುಟ ತೆಗೆದು ತೋರಿಸಿದೆ. ಓದಿದ. ಕಿವಿ ಕೆರೆದುಕೊಂಡ. "ಫೋರ್ಸ್ ಮಾಡಿ ಇನ್ನೇನಾದ್ರೂ ಆದ್ರೆ ಕಂಪನಿ ನನ್ನ ಕೇಳುತ್ತೆ. ರಿಸ್ಕ್ ಯಾರು ತಗೋತಾರೆ?"

"ನಾನು."

ಸಾಹೇಬರು ನಡುವೆ ಬಂದರು. "ಅವರ ಮಾತು ಬಿಡಪ್ಪ, ನಿನ್ ಕೆಲ್ಸ ನೀನ್ ಮಾಡು." ಆಮೇಲೆ ಧ್ವನಿ ತಗ್ಗಿಸಿ, ನನಗೆ ಕೇಳಲಿ ಎಂದೇ, "ಕೋಟಾದಾಗೆ ಬಂದೋರಿಗೆ ಹಟ ಜಾಸ್ತಿ," ಎಂದರು. ಬಿ.ಎಸ್ಸಿ.ಯಲ್ಲಿ ನನ್ನದು ಮೊದಲ ದರ್ಜೆ. ಹೇಳಲಿಲ್ಲ. ಹೇಳಿದರೆ ಅದು ಉತ್ತರವಾಗುತ್ತಿತ್ತು, ಉತ್ತರ ಕೊಡುವಂಥ ಮಾತಲ್ಲ ಅದು.

ಅವರಿಬ್ಬರೂ ಮೊದಲು ಊಟ ಮುಗಿಸೋಣ ಎಂದು ಎದ್ದರು. ಒಂದು ಗಂಟೆಗೆ ಅತ್ತೆ ಪಾಪುವನ್ನು ಎತ್ತಿಕೊಂಡು ಗೇಟಿಗೆ ಬಂದರು, ದಿನವೂ ಬರುವವರಲ್ಲ, ಜ್ವರ ಬಿಟ್ಟ ಮಗು ಹಾಲಿಗೆ ಹಟ ಮಾಡುತ್ತಿತ್ತೆಂದು ಬಂದದ್ದು. ಆ ಕ್ಷಣಕ್ಕೆ ಹೊಳೆಯಿತು. ಕೇಂದ್ರದಲ್ಲಿ ಬಾಗಿಲು ಹಾಕಿಕೊಂಡು ಹಾಲು ಕೊಡುವಂಥ ಕೋಣೆ ಕಂಪ್ಯೂಟರ್ ಕೋಣೆ ಒಂದೇ. ನಾನು ಚಿಲಕ ಹಾಕಿದರೆ ಯಾವ ಗಂಡಸೂ ತಟ್ಟುವುದಿಲ್ಲ.

ಬೀರುವಿನ ಬೀಗದ ಕೈ ಆವುಲಪ್ಪನವರ ಸೊಂಟದಲ್ಲಿರುತ್ತದೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಎರಡು ದಿನದಿಂದ ನನ್ನ ಮುಖ ನೋಡಿರಲಿಲ್ಲ. ಎದುರಿಗೆ ಹೋಗಿ ನಿಂತೆ. ಬೆಳಗಿನ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಅವರೇ ಎದ್ದರು. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತಂದು ಪಾಪುವಿನ ಬಟ್ಟೆ ಚೀಲದೊಳಗೆ, ಒದ್ದೆ ಲಂಗೋಟಿಗಳ ಪಕ್ಕ ಇಟ್ಟರು.

"ಒಳಗೆ ಯಾರಿಗೂ ನಂಬರ್ ಹೇಳ್ಬೇಡಿ ಮೇಡಮ್ಮ," ಎಂದರು. "ಬೆರಳಿಟ್ಟು ತೋರ್ಸಿ."

ಚಿಲಕ ಹಾಕಿದೆ. ಪಾಪು ಎಡಗೈಯಲ್ಲಿ, ಎದೆಗೆ ಕಚ್ಚಿಕೊಂಡು. ಬಲಗೈ ಕೀಬೋರ್ಡಿನ ಮೇಲೆ. ಡಿಸ್ಕು ಹಾಕಲು ತೆಗೆಯಲು ಎರಡು ಕೈ ಬೇಕು. ಇದ್ದದ್ದು ಅತ್ತೆಯ ಕೈ.

"ನಂಗೆ ಇದೆಲ್ಲ ಬರಲ್ಲ ಕಣಮ್ಮ, ಕರೆಂಟ್ ಹೊಡೆದ್ರೆ?"

"ಹೊಡೆಯಲ್ಲ. ಇದನ್ನ ಹಿಡಿದು ಎಳೀರಿ. ಇದನ್ನ." ಬೆರಳಿಟ್ಟು ತೋರಿಸಿದೆ. ಒಲೆಯಿಂದ ಪಾತ್ರೆ ಇಳಿಸುವವರ ಹಾಗೆ ಸೆರಗಿನಲ್ಲಿ ಹಿಡಿದು ಎಳೆದರು. ಚೀಟಿಯಿಲ್ಲದ ಹೊಸ ಡಿಸ್ಕು ಬಂತು. ಅದರ ಜಾಗಕ್ಕೆ ಹಳೆಯದನ್ನು ತಳ್ಳಿಸಿದೆ. ಟಕ್ ಎಂದಿತು. ಒಳಗೆ ಅದು ತಿರುಗಲು ಶುರುಮಾಡಿದ ಸದ್ದು, ಮೊದಲು ಸಣ್ಣಗೆ, ಆಮೇಲೆ ಒಂದೇ ಸಮ.

ಒಂದೇ ಕೈಯಲ್ಲಿ ಆಜ್ಞೆ ಟೈಪು ಮಾಡಿದೆ. ಎರಡು ಸಲ ತಪ್ಪಿತು, ಅಳಿಸಿದೆ. ಮೂರನೆಯ ಸಲ ಅದು ತಿರುಗಿ ಕೇಳಿತು, ಖಚಿತವೇ ಎಂದು. ಹೌದು ಎಂಬುದನ್ನು ಪೂರ್ತಿ ಟೈಪು ಮಾಡಬೇಕು, ಇಂಗ್ಲಿಷಿನ ಮೂರು ಅಕ್ಷರ. ಈ ಒಂದು ವಾರದಲ್ಲಿ ನನ್ನನ್ನು ನೇರವಾಗಿ ಕೇಳಿದ್ದು ಅದೊಂದೇ. ಟೈಪು ಮಾಡಿದೆ. ತೆರೆ ಸುಮ್ಮನಾಯಿತು. ಪಾಪು ಗುಟುಕರಿಸುವ ಸದ್ದು ಬಿಟ್ಟರೆ ಏನೂ ಇಲ್ಲ.

ಐದು ಸಾಲು ಬಂದವು. ನಾಲ್ಕು ಎದ್ದಿವೆ, ಒಂದು ಸತ್ತಿದೆ. ನಾಲ್ಕು ಸಾಕು.

ಮೊದಲನೆಯ ದಾಖಲೆ ಕರೆದೆ. ಆಗಸ್ಟ್ 1986, ಒಂದನೇ ತಾಯಿ ಚಿಟ್ಟೆ, ರೋಗವಿಲ್ಲ. ಕೊನೆಯದನ್ನು ಕರೆದೆ. ಬಂತು. ನಡುವಿನ ಹತ್ತಾರನ್ನು ಕರೆದೆ. ಬಂದವು, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ.

"ಅಳ್ತಿದೀಯಾ?" ಎಂದರು ಅತ್ತೆ.

"ಇಲ್ಲ. ಪಕ್ಕದ್ದನ್ನ ಎಳೀರಿ. ಹ್ಞಾಂ, ಅದನ್ನ." ಈಗ ಸರಿಯಾದ ಸತ್ತ ಡಿಸ್ಕು ಹೊರಗೆ ಬಂತು, ಹೊಸದು ಅದರ ಜಾಗಕ್ಕೆ ಹೋಯಿತು. ಉಳಿದ ನಾಲ್ಕು ತಮ್ಮತಮ್ಮ ಪಾಲನ್ನು ಹೇಳಿಕೊಟ್ಟು ಅದನ್ನು ತುಂಬಬೇಕು. ಶೇಕಡಾ ಒಂದು ಎಂದು ತೆರೆಯ ಮೇಲೆ ಬಂದ ಮೇಲೆ ಚಿಲಕ ತೆಗೆದೆ.

ಸಾಹೇಬರ ಮುಖ ಗೋಡೆಯಂತಿತ್ತು. ಇಂಜಿನಿಯರು ಅವರನ್ನು ದಾಟಿಕೊಂಡು ಬಂದು ತೆರೆ ನೋಡಿದ. ಬಗ್ಗಿ ಮತ್ತೆ ನೋಡಿದ.

"ಯಾರು ಹಾಕಿದ್ದು ಡಿಸ್ಕ್?"

"ನನ್ನ ಅತ್ತೆ," ಎಂದೆ.

ಅತ್ತೆ ಪಾಪುವಿನ ಬೆನ್ನು ತಟ್ಟಿ ತೇಗಿಸುತ್ತಿದ್ದರು. "ಏನಪ್ಪ, ತಪ್ಪಾಯ್ತಾ?" ಎಂದರು ಅವನನ್ನೇ ನೋಡುತ್ತಾ.

ಅವನು ಮೂರು ಗಂಟೆಯ ಬಸ್ಸು ಬಿಟ್ಟ. ಐದೂವರೆಗೆ ಶೇಕಡಾ ಅರವತ್ತೆಂಟು ಆಗಿತ್ತು. ಕಾವಲು ನಾನು ಕೂರುತ್ತೇನೆ, ನೀವು ಮನೆಗೆ ಹೋಗಿ ಎಂದರು ಆವುಲಪ್ಪನವರು. ನೂರಾದರೆ ಏನು ಮಾಡಬೇಕೆಂದು ಕೇಳಿದರು. ಏನೂ ಮಾಡಬೇಡಿ ಎಂದೆ.

1 ಜುಲೈ, ಮಂಗಳವಾರ

ನೂರು. ಐದೂ ಎದ್ದಿವೆ. ಚಿಟ್ಟೆಗಳೆಲ್ಲ ಇವೆ.

ಸಾಹೇಬರು ಟೇಪಿನ ಕಾಗದಕ್ಕೆ ಸಹಿ ಹಾಕಿ ಕಳಿಸಿದ್ದಾರೆ. ನಾಲ್ಕಕ್ಕೂ.

3 ಜುಲೈ, ಗುರುವಾರ

ಡ್ರಾಫ್ಟು ಬಂತು. "ಅಟೆಂಡರ್ ಆವುಲಪ್ಪ ಎಂಬುವರು ಸೂಚನೆಗೆ ವಿರುದ್ಧವಾಗಿ ತಪ್ಪು ಸಂಖ್ಯೆ ಅಂಟಿಸಿದ್ದರಿಂದ..." ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ದಾಖಲೆ ಬಂತಲ್ಲ ಸಾರ್, ಇದ್ಯಾಕೆ?"

"ಒಂದು ವಾರ ನಿಂತಿತ್ತಲ್ಲ, ಮೇಲಿಂದ ಕೇಳಿದಾರೆ. ಯಾರಾದ್ರೂ ಒಬ್ಬರು ಬೇಕು. ಶನಿವಾರ ನೀವೇ ಎಲ್ಲರ ಎದುರ್ಗೆ ಅವನನ್ನ ಬೈದ್ರಲ್ಲ. ಈಗೇನ್ ಕಷ್ಟ?" ಡ್ರಾಫ್ಟಿನ ಪಕ್ಕದಲ್ಲೇ ನನ್ನ ಪರ್ಮನೆಂಟ್ ಆರ್ಡರನ್ನೂ ಇಟ್ಟರು, ಎರಡೂ ಅಂಚು ಸರಿಹೊಂದಿಸಿ.

ಕಂಪ್ಯೂಟರ್ ಕೋಣೆಗೆ ಬಂದು ಚೀಲದಿಂದ ಈ ಪುಸ್ತಕ ತೆಗೆದೆ. ಹನ್ನೆರಡನೇ ತಾರೀಖಿನ ಪುಟ ಓದಿದೆ. ಯಾವ ಸಂಖ್ಯೆ ಯಾವುದು ಎಂದು ಎಷ್ಟು ಚೆನ್ನಾಗಿ ಬರೆದಿದ್ದೇನೆ. ನನಗೆ ಗೊತ್ತಿದ್ದರೆ ಸಾಕಂತೆ. ಯಾರಿಗೆ ಸಾಕು? ಇಪ್ಪತ್ತನಾಲ್ಕರ ಪುಟ ಓದಿದೆ. ಒಂದು ಕಳೆಯುವುದಕ್ಕೆ ಅವತ್ತು ತಲೆ ಎಲ್ಲಿತ್ತು? ಮಗುವಿನ ಮೈಮೇಲಿತ್ತು, ನೂರಾಮೂರರಲ್ಲಿತ್ತು. ಇವರ ಆ ಹ್ಞಾಂ ಮತ್ತೆ ಕೇಳಿಸಿತು. ಇವರ ಮೇಲೆ ಮತ್ತೆ ಸಿಟ್ಟು ಬಂತು. ಸರಿಯಾಗಿ ಕೇಳಿದವರ ಮೇಲೆ ಇನ್ನೂ ಜಾಸ್ತಿ ಬರುತ್ತದೆ.

ಇಪ್ಪತ್ತೆಂಟರ ಪುಟವನ್ನೂ ಓದಿದೆ. ಇದೇನೋ ಇದು, ಎಂದಿದ್ದೇನೆ. ನಮ್ಮ ಅಪ್ಪನನ್ನು ಅವರಿಗಿಂತ ತೀರ ಚಿಕ್ಕ ವಯಸ್ಸಿನ ಶ್ಯಾನುಭೋಗರ ಮಗ ಬಾರೋ ಹೋಗೋ ಎಂದು ಕರೆಯುತ್ತಿದ್ದ. ಅಪ್ಪ ಹೀಗೇ ಎದ್ದು ನಿಲ್ಲುತ್ತಿದ್ದರು.

ಡ್ರಾಫ್ಟಿಗೆ ಸಹಿ ಹಾಕಲಿಲ್ಲ. ಬೇರೆ ಹಾಳೆಯಲ್ಲಿ ನಾನೇ ಬರೆದೆ. ಚೀಟಿಗಳು ಮಿಷನ್ನಿನ ಎಣಿಕೆಗೆ ಹೊಂದುವುದಿಲ್ಲವೆಂದು ಅಂಟಿಸಿದ ದಿನವೇ ನನಗೆ ತಿಳಿದಿತ್ತು, ಬದಲಾಯಿಸಲಿಲ್ಲ, ಯಾರಿಗೂ ಹೇಳಲಿಲ್ಲ. ಇಪ್ಪತ್ತನಾಲ್ಕರಂದು ಫೋನಿನಲ್ಲಿ ಎರಡನ್ನು ತೆಗೆಯಿರಿ ಎಂದವಳು ನಾನು. ತೆಗೆದವರು ಸಹಾಯಕ ನಿರ್ದೇಶಕರು. ಟೇಪಿಗಾಗಿ ನಾಲ್ಕು ಸಲ ಬರೆದ ಕಾಗದಗಳ ತಾರೀಖು ಇಂಥಿಂಥವು. ಆವುಲಪ್ಪನವರದು ಅಕ್ಷರ ಮಾತ್ರ.

ಓದಿ ಸಾಹೇಬರು ಕೇಳಿದರು, "ಇದನ್ನ ಕಳಿಸ್ಬೇಕಾ? ಯೋಚನೆ ಮಾಡಿದೀರಾ?"

ಯೋಚನೆ ಮಾಡಲು ನನಗೆ ರಾತ್ರಿಯೆಲ್ಲ ಸಮಯವಿರುತ್ತದೆ ಸಾರ್, ನಾನು ಮಲಗುವುದಿಲ್ಲ, ಎಂದೆ.

9 ಜುಲೈ, ಬುಧವಾರ

ಪರ್ಮನೆಂಟ್ ಆರ್ಡರು ಆರು ತಿಂಗಳು ಮುಂದಕ್ಕೆ. ನಡವಳಿಕೆ ಪರಿಶೀಲನೆಯಂತೆ. ಸಾಹೇಬರಿಗೆ ಏನೂ ಇಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು, ಆದರೂ ಕಾಗದ ಓದುವಾಗ ಹಲ್ಲು ಕಚ್ಚಿ ದವಡೆ ನೋಯುತ್ತಿತ್ತು. ಆರು ತಿಂಗಳು. ಎಣಿಸಿಕೊಳ್ಳಲಿ.

ಆವುಲಪ್ಪನವರ ಹೆಸರು ಯಾವ ಕಾಗದದಲ್ಲೂ ಬಂದಿಲ್ಲ.

ಹೊಸ ಚೀಟಿ ಕಾಗದ ತರಿಸಿದ್ದೆ. ಇಬ್ಬರೂ ನೆಲದ ಮೇಲೆ ಕೂತು ಹಳೆಯವನ್ನು ಉಗುರಲ್ಲಿ ಕೆರೆದೆವು. ಅವತ್ತು ಏಕವಚನದಲ್ಲಿ ಮಾತಾಡಿದೆ, ತಪ್ಪಾಯಿತು, ಎಂದೆ.

"ನಾನೂ ಮಾರ್ಕೆಟ್‌ನಾಗೆ ಕಡಿಮೆ ಜನರಿಗೆ ಅಂದಿಲ್ಲ ಬಿಡಿ," ಎಂದರು. ಕೆರೆಯುತ್ತಲೇ ಇದ್ದರು. "ಸೊನ್ನೆ ಮಾತ್ರ ನನ್ ಕೈಲಿ ಬರೆಸ್ಬೇಡಿ ಮೇಡಮ್ಮ. ಚಿಟ್ಟೆ ಮೊಟ್ಟೆ ಇರೋ ಜಾಗ ಇದು. ಸೊನ್ನೆಯಿಂದ ಶುರು ಮಾಡಿದ್ರೆ ಮನಸ್ಸಿಗೆ ಬರಲ್ಲ."

"ಲಾಭ ಅಂತಾನೇ ಬರೀರಿ. ಆದ್ರೆ ಆಮೇಲೆ ಒಂದು."

"ಲಾಭ, ಒಂದು." ಕಹಿ ಗುಳಿಗೆ ನುಂಗಿದ ಹಾಗೆ ಮುಖ ಮಾಡಿದರು. "ನಾಲಿಗೆ ಹೊರಳಲ್ಲ ಕಣಮ್ಮ."

"ಹೊರಳೋದು ಬೇಡ, ಬರೀರಿ ಸಾಕು."

ಬರೆದರು. ಲಾಭ, ೧, ೨, ೩, ೪. ಒಂದು ಬರೆಯುವ ಮೊದಲು ಪೆನ್ನು ಬಹಳ ಹೊತ್ತು ಕಾಗದದ ಮೇಲೆ ನಿಂತಿತ್ತು. ಪಕ್ಕದ ಗೋಡೆಗೆ ನಾನೊಂದು ಹಾಳೆ ಅಂಟಿಸಿದೆ, ದೊಡ್ಡ ಅಕ್ಷರದಲ್ಲಿ: ಫೋನಿನಲ್ಲಿ ಸಂಖ್ಯೆ ಕೇಳಿ ಡಿಸ್ಕು ತೆಗೆಯಬಾರದು. ಗೊತ್ತಿರುವವರು ಬಂದು ಬೆರಳಿಟ್ಟು ತೋರಿಸಬೇಕು.

ಸಾಹೇಬರು ಬಂದು ಓದಿಕೊಂಡು ಹೋದರು. ಕೀಳಿಸಿಲ್ಲ. ಕೀಳಿಸಿದರೆ ಮತ್ತೆ ಅಂಟಿಸುತ್ತೇನೆ.

13 ಜುಲೈ, ಭಾನುವಾರ

ಬೆಳಿಗ್ಗೆ ಇವರ ಜೊತೆ ಜಗಳ. ಆರು ತಿಂಗಳ ವಿಷಯ ಕೇಳಿ "ಹೋಗ್ಲಿ ಬಿಡು" ಎಂದರು. ಯಾಕೆ ಬಿಡಬೇಕು? ಬಿಡುವುದಿಲ್ಲ. ಮೇಲಿನವರಿಗೆ ಇನ್ನೊಂದು ಕಾಗದ ಬರೆಯುತ್ತಿದ್ದೇನೆ, ಅರ್ಧ ಆಗಿದೆ. ಇವರು ಕೊನೆಗೆ ತಾವೇ ಎದ್ದು ಲಂಗೋಟಿ ಒಗೆದು ಹಾಕಿದರು. ಹಿಂಡಲು ಬರುವುದಿಲ್ಲ, ಹಗ್ಗದ ಕೆಳಗೆಲ್ಲ ನೀರು.

ಅತ್ತೆಗೆ ಎದುರು ಮನೆಯವರೆಲ್ಲ ಈಗ ಕಂಪ್ಯೂಟರ್ ವಿಷಯ ಕೇಳುತ್ತಾರಂತೆ. "ಏನಿಲ್ಲ, ಎಳೆಯೋದು, ತಳ್ಳೋದು," ಎಂದು ಹೇಳುತ್ತಿದ್ದರು ಜಗುಲಿಯಲ್ಲಿ.

ಮಧ್ಯಾಹ್ನ ಪಾಪು ಬಹಳ ಹಟ. ಎತ್ತಿಕೊಂಡು ಟಾನಿಕ್ಕಿನ ಬಾಟಲಿ ಬಿಚ್ಚಿ ಚಮಚೆ ಹಿಡಿದೆ. ಅವಳು ಕಾಲು ಒದೆಯುವಾಗ ಒಂದು ಹನಿಯೂ ಆಚೆ ಈಚೆ ಆಗದಂತೆ ಗಟ್ಟಿಯಾಗಿ ಎಣಿಸಬೇಕು. ಎಣಿಸಿದೆ. ಲಾಭ, ಎರಡು, ಮೂರು, ನಾಲ್ಕು, ಐದು. ಪೂರ್ತಿ ಕುಡಿದಳು. ಬಾಗಿಲಲ್ಲಿ ಅತ್ತೆ ನಿಂತು ನನ್ನನ್ನೇ ನೋಡಿ ನಗುತ್ತಿದ್ದರು, ಯಾಕೆಂದು ಕೇಳಿದರೆ ಹೇಳಲಿಲ್ಲ. ಈ ಮನೆಯಲ್ಲಿ ಯಾರು ಯಾವಾಗ ಯಾಕೆ ನಗುತ್ತಾರೋ.

ಮಗು ಮಲಗಿದೆ. ನನಗೂ ಕಣ್ಣು ಎಳೆಯುತ್ತಿದೆ, ಉಳಿದದ್ದು ಎದ್ದ ಮೇಲೆ